ಭಾವಚಿತ್ರದ ಹಿಂದಿನ ಸ್ಕೆಚ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಭಾವಚಿತ್ರ ಬಿಡಿಸುತ್ತೇನೆ, ಆಸೆಪಟ್ಟು ಬಂದವರಿಗೆ ಕಲಿಸುತ್ತೇನೆ. ಮುಗಿದ ದೊಡ್ಡ ಚಿತ್ರಗಳಿಗಿಂತ ಅವುಗಳ ಹಿಂದಿನ ಕಚ್ಚಾ ಸ್ಕೆಚ್‌ಗಳ ಮೇಲೆ ನನಗೆ ಜಾಸ್ತಿ ಪ್ರೀತಿ. ಇದು ಗೊತ್ತಿದ್ದವರು ಏನಾದರೊಂದು ಕೇಳುತ್ತಲೇ ಇರುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟಿನದ್ದು ಆಮೇಲೆ. ಯಾವುದನ್ನು ಬೇಕಾದರೂ ಮೊದಲು ಓದಿ, ತೊಂದರೆಯಿಲ್ಲ.

## ಮೊದಲ ಪರಿಚಯ

ಮುಗಿದ ಚಿತ್ರವೇ ಕಣ್ಣೆದುರು ಇರುವಾಗ ಸ್ಕೆಚ್ ಯಾಕೆ ನೋಡ್ಬೇಕು?

ಮುಗಿದ ಚಿತ್ರದಲ್ಲಿ ಕಲಾವಿದ ಇಟ್ಟುಕೊಂಡದ್ದು ಮಾತ್ರ ಕಾಣುತ್ತದೆ. ಬಿಟ್ಟದ್ದು ಕಾಣಬೇಕಾದರೆ ಸ್ಕೆಚ್ ಹತ್ತಿರವೇ ಹೋಗಬೇಕು.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಅಂದ ಕೂಡಲೇ ಒಂದು ರೂಪ ಕಣ್ಣಿಗೆ ಬರುತ್ತದೆ. ಕಾಲು ಅಗಲಿಸಿ, ಎದೆ ಸೆಟೆಸಿ, ನಮ್ಮನ್ನೇ ದಿಟ್ಟಿಸಿ ನಿಂತ ದಢೂತಿ ಮನುಷ್ಯ. ಆ ರೂಪ ಕೊಟ್ಟವನು ಹಾನ್ಸ್ ಹೋಲ್ಬೈನ್. 1537ರ ಹೊತ್ತಿಗೆ ಲಂಡನ್ನಿನ ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ ಅವನು ಅದನ್ನು ಬಿಡಿಸಿದ. 1698ರ ಬೆಂಕಿಯಲ್ಲಿ ಅರಮನೆಯ ಜೊತೆ ಚಿತ್ರವೂ ಹೋಯಿತು. ಆದರೆ ಅದರ ಎಡಭಾಗಕ್ಕೆಂದು ಕಾಗದದ ಮೇಲೆ ಮಾಡಿದ ಆಳೆತ್ತರದ ಸ್ಕೆಚ್ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಇವತ್ತಿಗೂ ಇದೆ. ಅದರಲ್ಲಿ ದೊರೆಯ ಮುಖ ಕೊಂಚ ಪಕ್ಕಕ್ಕೆ ತಿರುಗಿದೆ! ಗೋಡೆಗೆ ಏರುವ ಹೊತ್ತಿಗೆ ಮುಖ ಪೂರ್ತಿ ಎದುರಿಗೆ ಬಂದಿತ್ತು. ಬೆಂಕಿಗೆ ಮೊದಲು, 1667ರಲ್ಲಿ ಮಾಡಿದ ಒಂದು ಪ್ರತಿಯಿಂದ ಅದು ಗೊತ್ತಾಗುತ್ತದೆ.

ಬದಲಾದದ್ದು ಒಂದು ಕತ್ತಿನ ತಿರುವು, ಅಷ್ಟೇ. ಪಕ್ಕಕ್ಕೆ ನೋಡುವ ದೊರೆಯ ಎದುರು ನಾವು ಆರಾಮಾಗಿ ನಿಂತು ಅವನ ಬಟ್ಟೆ, ಒಡವೆ ಎಲ್ಲ ನೋಡಬಹುದು. ನಮ್ಮನ್ನೇ ನೋಡುವವನ ಎದುರು ಹಾಗೆ ನಿಲ್ಲಲು ಆಗುವುದಿಲ್ಲ. ಸ್ಕೆಚ್ ಉಳಿಯದೆ ಹೋಗಿದ್ದರೆ ಇದೊಂದು ತೀರ್ಮಾನ ಅಂತಲೇ ನಮಗೆ ಹೊಳೆಯುತ್ತಿರಲಿಲ್ಲ. ಹೆನ್ರಿ ಇದ್ದದ್ದೇ ಹೀಗೆ ಅಂದುಕೊಂಡು ಸುಮ್ಮನಾಗುತ್ತಿದ್ದೆವು.

ಸ್ಕೆಚ್ ಅಂದ್ರೆ ಎಲ್ಲಾ ಒಂದೇ ಅಲ್ವಾ?

ಅಲ್ಲ. ಹೆಬ್ಬೆರಳಿನಷ್ಟು ಜಾಗದಲ್ಲಿ ಗೀಚಿದ್ದು ಭಂಗಿ ಹುಡುಕಲು: ಕೂರಬೇಕಾ, ನಿಲ್ಲಬೇಕಾ, ಕೈ ಎಲ್ಲಿ. ಅದರಲ್ಲಿ ಮುಖವೇ ಇರುವುದಿಲ್ಲ, ಮೊಟ್ಟೆಯಂಥ ಒಂದು ಸುತ್ತು ಇದ್ದರೆ ಹೆಚ್ಚು. ತಲೆ ಮಾತ್ರ ನಿಧಾನವಾಗಿ ಬಿಡಿಸಿದ್ದು ಹೋಲಿಕೆ ಹಿಡಿಯಲು. ಬರೀ ಕೈ, ಬರೀ ತೋಳಿನ ನೆರಿಗೆ ಇರುವ ಹಾಳೆಗಳು ಕಷ್ಟದ ಜಾಗಗಳ ಅಭ್ಯಾಸ. ಬಣ್ಣದಲ್ಲೇ ಮಾಡಿದ ಚಿಕ್ಕ ಕಚ್ಚಾ ಚಿತ್ರ ಬೆಳಕು ನೆರಳಿಗಾಗಿ. ಕೊನೆಯದು ಚಿತ್ರದಷ್ಟೇ ದೊಡ್ಡದಾದ ಕಾಗದ, ಅದನ್ನು ಕಾರ್ಟೂನ್ ಅನ್ನುತ್ತಾರೆ. ನಗಿಸುವ ಕಾರ್ಟೂನಿಗಿಂತ ಈ ಅರ್ಥ ಹಳೆಯದು.

ಒಂದು ಸ್ಕೆಚ್ ಕೈಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇವನಿಗೆ ಆ ಹೊತ್ತಲ್ಲಿ ಏನು ಗೊತ್ತಾಗಬೇಕಿತ್ತು?

ಆ ಕಾಲದಲ್ಲಿ ಜನ ಗಂಟೆಗಟ್ಟಲೆ ಅಲುಗಾಡದೆ ಕೂರ್ತಿದ್ರಾ?

ಯಾರಿಗೂ ಅಷ್ಟು ಪುರುಸೊತ್ತು ಇರಲಿಲ್ಲ, ಅದರಲ್ಲೂ ರಾಜಮನೆತನದವರಿಗೆ. ಸ್ಕೆಚ್ ಹುಟ್ಟಿದ್ದೇ ಅರ್ಧ ಆ ಕಾರಣಕ್ಕೆ.

ಹೆನ್ರಿ ನಾಲ್ಕನೇ ಮದುವೆಗೆ ಹೆಣ್ಣು ಹುಡುಕುತ್ತಿದ್ದಾಗ ಹೋಲ್ಬೈನನನ್ನು ಬ್ರಸೆಲ್ಸ್‌ಗೆ ಕಳಿಸಿದ. 1538ರ ಮಾರ್ಚ್ 12ರಂದು ಡೆನ್ಮಾರ್ಕಿನ ಕ್ರಿಸ್ಟೀನಾ ಅವನೆದುರು ಕೂತದ್ದು ಮೂರೇ ಗಂಟೆ. ಆ ಮೂರು ಗಂಟೆಯ ಗೆರೆಗಳನ್ನು ಇಟ್ಟುಕೊಂಡೇ ಅವನು ಆಮೇಲೆ ಆಳೆತ್ತರದ ತೈಲಚಿತ್ರ ಮಾಡಿದ. ಮದುವೆ ನಡೆಯಲಿಲ್ಲ. ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಜರ್ಮನ್ ಕಲಾವಿದ ಡ್ಯೂರರ್‌ನದು ಇನ್ನೂ ಸ್ವಾರಸ್ಯ. 1518ರ ಜೂನ್ 28ರಂದು ಆಗ್ಸ್‌ಬರ್ಗ್‌ನಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ್ನು ಇದ್ದಿಲಿನಲ್ಲಿ ಬಿಡಿಸಿದ. ಅರಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ ಬಿಡಿಸಿದೆ ಅಂತ ಹಾಳೆಯ ಮೇಲೆಯೇ ಬರೆದುಕೊಂಡಿದ್ದಾನೆ. ಮುಂದಿನ ಜನವರಿಯಲ್ಲಿ ಚಕ್ರವರ್ತಿ ತೀರಿಕೊಂಡ. ಮರದಚ್ಚಿನ ಚಿತ್ರವಾಗಲಿ, ಬಣ್ಣದ ಚಿತ್ರವಾಗಲಿ, ಆಮೇಲೆ ಬಂದದ್ದಕ್ಕೆಲ್ಲ ಆ ಒಂದು ಭೇಟಿಯ ಹಾಳೆಯೇ ಆಧಾರವಾಯಿತು.

ಎಲ್ಲಾ ದೊಡ್ಡ ಕಲಾವಿದರೂ ಸ್ಕೆಚ್ ಮಾಡಿಯೇ ಬಣ್ಣ ಹಚ್ತಿದ್ರಾ?

ಇಲ್ಲ. ಕರವಾಜಿಯೋ ಕೈಯಿಂದ ಬಂದದ್ದು ಎಂದು ಖಚಿತವಾಗಿ ಹೇಳಬಹುದಾದ ಒಂದು ಡ್ರಾಯಿಂಗೂ ಉಳಿದಿಲ್ಲ. ಫ್ರಾನ್ಸ್ ಹಾಲ್ಸ್‌ನದೂ ಅದೇ ಕಥೆ. ವೆಲಾಸ್ಕೆಸ್‌ನದು ಬೆರಳೆಣಿಕೆಯಷ್ಟು. ಇವರೆಲ್ಲ ಕ್ಯಾನ್ವಾಸ್ ಮೇಲೆಯೇ ಯೋಚನೆ ಮಾಡುತ್ತಿದ್ದರು ಅನ್ನಬೇಕು. ವೆಲಾಸ್ಕೆಸ್‌ನ ಚಿತ್ರಗಳಲ್ಲಿ ಹಳೆಯ ಕಾಲು, ಹಳೆಯ ಮೇಲಂಗಿಯ ಅಂಚು ಬಣ್ಣದೊಳಗಿಂದ ಮಸುಕಾಗಿ ಇಣುಕುವುದು ಅದಕ್ಕೇ. ಅವನ ಸ್ಕೆಚ್ ಚಿತ್ರದ ಹೊಟ್ಟೆಯೊಳಗೇ ಇದೆ.

ಆದ್ದರಿಂದ, ಸ್ಕೆಚ್ ಇದ್ದರೆ ಶ್ರದ್ಧೆ, ಇಲ್ಲದಿದ್ದರೆ ಪ್ರತಿಭೆ ಅಂತ ಲೆಕ್ಕ ಹಾಕಬೇಡಿ. ಅದು ಕೆಲಸದ ರೂಢಿ.

ಕ್ಯಾಮೆರಾ ಇದ್ಯಲ್ಲ, ಈಗಲೂ ಯಾಕೆ ಸ್ಕೆಚ್?

ಕ್ಯಾಮೆರಾ ಎಲ್ಲವನ್ನೂ ಒಂದೇ ಸಮ ಹಿಡಿಯುತ್ತದೆ. ಕಿವಿಯ ಓಲೆಗೂ ಕಣ್ಣಿಗೂ ಅದಕ್ಕೆ ವ್ಯತ್ಯಾಸವಿಲ್ಲ. ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಕಿವಿ ಚಿಕ್ಕದು. ಪೆನ್ಸಿಲ್ ಹಿಡಿದವನು ಅರ್ಧ ಗಂಟೆಯಲ್ಲಿ ಆ ಮುಖದಲ್ಲಿ ಯಾವುದು ಮುಖ್ಯ ಅಂತ ತೀರ್ಮಾನಿಸಲೇಬೇಕಾಗುತ್ತದೆ. ನಾನೂ ಫೋಟೋ ಬಳಸುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಸ್ಕೆಚ್ ಆದ ಮೇಲೆ.

## ಹಾಳೆಯನ್ನು ಹತ್ತಿರದಿಂದ ನೋಡುವಾಗ

ಸ್ಕೆಚ್ ಮೇಲೆ ಚಿಕ್ಕ ಅಕ್ಷರದಲ್ಲಿ ಏನೇನೋ ಬರೆದಿರ್ತಾರಲ್ಲ, ಅದೇನು?

ತಾನು ಮರೆಯಬಾರದು ಅಂತ ಬರೆದುಕೊಂಡ ಚೀಟಿ. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ಅಲ್ಲಿ ಕಲಾವಿದ ನಮಗಾಗಿ ಮಾತಾಡುತ್ತಿಲ್ಲ, ತನ್ನ ಪಾಡಿಗೆ ತಾನು ಗೊಣಗಿಕೊಳ್ಳುತ್ತಿದ್ದಾನೆ.

ಯಾನ್ ವಾನ್ ಐಕ್ 1430ರ ದಶಕದಲ್ಲಿ ಒಬ್ಬ ವಯಸ್ಸಾದ ಪಾದ್ರಿಯನ್ನು ಬೆಳ್ಳಿಕಡ್ಡಿಯಲ್ಲಿ ಬಿಡಿಸಿದ. ಕಾರ್ಡಿನಲ್ ಆಲ್ಬರ್ಗಾಟಿ ಎಂದು ಅವನನ್ನು ಗುರುತಿಸುತ್ತಾರೆ. ಹಾಳೆ ಡ್ರೆಸ್ಡನ್ನಿನಲ್ಲಿದೆ, ಬಣ್ಣದ ಚಿತ್ರ ವಿಯೆನ್ನಾದಲ್ಲಿ. ಹಾಳೆಯ ಪಕ್ಕದಲ್ಲಿ ತನ್ನ ಆಡುಮಾತಿನಲ್ಲಿ ಬಣ್ಣಗಳ ವಿವರ ಬರೆದುಕೊಂಡಿದ್ದಾನೆ. ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿದೆ, ತುಟಿ ಬಿಳಿಚಿಕೊಂಡ ನೇರಳೆ, ಹೀಗೆ. ಇದನ್ನು ಓದಿದರೆ ಅವನ ಕಣ್ಣು ಎಷ್ಟು ಹರಿತ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಕಣ್ಣಿನ ಬಿಳಿ ಅಂದರೆ ಬಿಳಿ ಅಂತಲೇ ಹಚ್ಚುತ್ತೇವೆ, ಅಲ್ವಾ? ಅವನಿಗೆ ಆ ಹಳದಿಯಲ್ಲಿ ಮುದುಕನ ವಯಸ್ಸು ಕಂಡಿದೆ.

ಹೋಲ್ಬೈನನ ಟಿಪ್ಪಣಿಗಳು ಹೆಚ್ಚಾಗಿ ಬಟ್ಟೆಯ ಬಗ್ಗೆ. ವಿಲಿಯಂ ಪಾರ್ ಎಂಬುವವನ ಸ್ಕೆಚ್‌ನಲ್ಲಿ ಬಿಳಿ ವೆಲ್ವೆಟ್ ಎಲ್ಲಿ, ನೇರಳೆ ವೆಲ್ವೆಟ್ ಎಲ್ಲಿ, ಬಿಳಿ ಸ್ಯಾಟಿನ್ ಎಲ್ಲಿ ಅಂತ ಜರ್ಮನ್ನಿನಲ್ಲಿ ಗುರುತು ಹಾಕಿದ್ದಾನೆ. ಇಂಗ್ಲಿಷ್ ದೊರೆಯ ಆಸ್ಥಾನದಲ್ಲಿ ಕೂತು ತನ್ನ ಮನೆಮಾತಿನಲ್ಲಿ ಬರೆದುಕೊಳ್ಳುವವನು.

ಒಂದು ಎಚ್ಚರಿಕೆ. ಹಾಳೆಯ ಮೇಲಿನ ಎಲ್ಲಾ ಬರಹ ಕಲಾವಿದನದಲ್ಲ. ವಿಂಡ್ಸರ್‌ನಲ್ಲಿರುವ ಹೋಲ್ಬೈನನ ಸುಮಾರು 80 ಸ್ಕೆಚ್‌ಗಳಲ್ಲಿ ಹಲವಕ್ಕೆ ಅಂದವಾಗಿ ಹೆಸರು ಬರೆದಿದೆ. ಅವೆಲ್ಲ ಆಮೇಲೆ ಬೇರೆಯವರು ಸೇರಿಸಿದ್ದು. ಅದರಲ್ಲಿ ತಪ್ಪುಗಳೂ ಇವೆ.

ಒಂದು ಕೈ ಇರೋ ಕಡೆ ಮೂರು ಕೈ ಬಿಡಿಸಿದ್ದಾರೆ. ತಪ್ಪಾಗಿ ಅಳಿಸೋಕೆ ಮರೆತ್ರಾ?

ಮರೆತಿದ್ದಲ್ಲ, ಅಳಿಸುವ ಅಗತ್ಯ ಬಿದ್ದಿಲ್ಲ. ಮೂರೂ ಕೈ ಪಕ್ಕಪಕ್ಕ ಇದ್ದರೆ ಹೋಲಿಸಿ ನೋಡಬಹುದು. ಅಳಿಸಿದರೆ ನೆನಪಿನ ಮೇಲೆ ನಂಬಿಕೆ ಇಡಬೇಕು.

ಈ ವಿಷಯಕ್ಕೆ ಫ್ರೆಂಚ್ ಕಲಾವಿದ ಆಂಗ್ರ್‌ನ ಸ್ಕೆಚ್‌ಗಳನ್ನೇ ನೋಡಬೇಕು. ತನ್ನ ಹುಟ್ಟೂರು ಮೊಂಟೊಬಾನ್‌ಗೆ ಅವನು ಬಿಟ್ಟುಹೋದ ಡ್ರಾಯಿಂಗ್‌ಗಳೇ ನಾಲ್ಕು ಸಾವಿರಕ್ಕೂ ಹೆಚ್ಚು. ಅಲ್ಲಿ ತೋಳುಗಳು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಾ ಹೋಗುತ್ತವೆ. ಮದಾಮ್ ಮೊಯ್ಟೆಸಿಯೇ ಎಂಬಾಕೆಯ ಕೂತ ಚಿತ್ರವನ್ನು ಅವನು 1844ರಲ್ಲಿ ಶುರುಮಾಡಿ 1856ರಲ್ಲಿ ಮುಗಿಸಿದ. ಹನ್ನೆರಡು ವರ್ಷ! ಮೊದಲಿಗೆ ಆಕೆಯ ಪುಟ್ಟ ಮಗಳೂ ಚಿತ್ರದಲ್ಲಿದ್ದಳು. ಆಮೇಲೆ ಮಗಳನ್ನು ಕೈಬಿಟ್ಟ. ಮಕ್ಕಳನ್ನು ಕೂರಿಸಿ ಬಿಡಿಸಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಆಂಗ್ರ್‌ನ ಕೌಂಟೆಸ್ ದೊಸೊನ್‌ವಿಲ್ ಚಿತ್ರ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ, 1845ರದು. ಅದರಲ್ಲಿ ಆಕೆಯ ಬಲತೋಳು ಭುಜದಿಂದ ಹೊರಟ ಹಾಗೆ ಕಾಣುವುದೇ ಇಲ್ಲ, ಎದೆಯ ಕೆಳಗಿನಿಂದ ಚಿಗುರಿದ ಹಾಗಿದೆ. ಚಿತ್ರ ಮಾತ್ರ ನೋಡಿದವರು ಇವನಿಗೆ ಅಂಗರಚನೆ ಬರುತ್ತಿರಲಿಲ್ಲ ಅಂದುಬಿಡಬಹುದು. ಅವನ ಕೈಗಳ, ತೋಳುಗಳ ಅಭ್ಯಾಸದ ಹಾಳೆಗಳನ್ನು ನೋಡಿದ ಮೇಲೆ ಆ ಮಾತು ನಾಲಿಗೆಗೆ ಬರುವುದಿಲ್ಲ. ತೋಳು ಎಲ್ಲಿಂದ ಹೊರಡುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೆರೆಯ ಬಳುಕಿಗಾಗಿ ಮೂಳೆಯನ್ನು ಬಿಟ್ಟುಕೊಟ್ಟ.

ಮುಖ ಅಷ್ಟು ಚೆನ್ನಾಗಿ ಬಿಡಿಸಿ, ಬಟ್ಟೆಗೆ ಯಾಕೆ ನಾಲ್ಕೇ ಗೆರೆ? ಸೋಮಾರಿತನನಾ?

ಲೆಕ್ಕಾಚಾರ. ಮುಖದ ಒಡೆಯರು ಎದ್ದು ಹೋಗುತ್ತಾರೆ, ಬಟ್ಟೆಯನ್ನು ಕಳಿಸಿಕೊಡಿ ಅನ್ನಬಹುದು.

ವಾನ್ ಡೈಕ್ ಇದನ್ನು ಒಂದು ವ್ಯವಸ್ಥೆಯನ್ನಾಗಿ ಮಾಡಿಕೊಂಡಿದ್ದ. ಅವನಿಂದ ಚಿತ್ರ ಬರೆಸಿಕೊಂಡಿದ್ದ ಜಬಾಕ್ ಎಂಬ ಬ್ಯಾಂಕರ್ ಹೇಳಿದ ವಿವರ ದಾಖಲಾಗಿ ಉಳಿದಿದೆ. ಒಬ್ಬರಿಗೆ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯ ಕೊಡುತ್ತಿರಲಿಲ್ಲ. ಮೈಯ ನಿಲುವು, ಉಡುಪನ್ನು ಬೂದು ಕಾಗದದ ಮೇಲೆ ಕಪ್ಪು, ಬಿಳಿ ಚಾಕಿನಲ್ಲಿ ಕಾಲು ಗಂಟೆಯಲ್ಲಿ ಬಿಡಿಸಿ ಸಹಾಯಕರ ಕೈಗೆ ಕೊಡುತ್ತಿದ್ದ. ಅವರು ಬಟ್ಟೆ ತರಿಸಿಕೊಂಡು ಕ್ಯಾನ್ವಾಸ್ ಮೇಲೆ ಹಚ್ಚುತ್ತಿದ್ದರು. ಆಮೇಲೆ ಇವನು ಬಂದು ಕುಂಚವಾಡಿಸಿ ಜೀವ ತುಂಬುತ್ತಿದ್ದ. ಕೈಗಳಿಗೆ ಕೂಲಿ ಕೊಟ್ಟು ಬೇರೆಯವರನ್ನು ಕೂರಿಸುತ್ತಿದ್ದ. ಅವನ ಚಿತ್ರಗಳಲ್ಲಿ ಎಲ್ಲರ ಬೆರಳೂ ಒಂದೇ ಥರ ನೀಳವಾಗಿ, ಕೆಲಸ ಕಾಣದ ಬೆರಳುಗಳಂತೆ ಇರುವುದು ಸುಮ್ನೆ ಅಲ್ಲ.

ಹಾಗಾಗಿ ಸ್ಕೆಚ್‌ನಲ್ಲಿ ಎಲ್ಲಿ ಗೆರೆ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ ಅಂತ ನೋಡಿ. ಯಾರು ಯಾವ ಭಾಗ ಮಾಡಲಿದ್ದಾರೆ ಅನ್ನುವ ಸುಳಿವು ಅಲ್ಲೇ ಇರಬಹುದು.

ಇಂಥ ಭಂಗಿಯೇ ಬೇಕು ಅಂತ ಮೊದಲೇ ಹೊಳೆದಿರುತ್ತಾ?

ಹೊಳೆದಂತೆ ಕಾಣುತ್ತದೆ. ಹಳೆಯ ಹಾಳೆಗಳನ್ನು ತಿರುವಿದರೆ ಗುಟ್ಟು ರಟ್ಟಾಗುತ್ತದೆ.

ಪತ್ರಿಕೆಯ ಒಡೆಯ ಬೆರ್ತಾಂ ಮಹಾಶಯನ ಚಿತ್ರ ನೋಡಿದ್ದೀರಾ? ಆಂಗ್ರ್ 1832ರಲ್ಲಿ ಮಾಡಿದ್ದು, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎರಡೂ ಕೈಯನ್ನು ತೊಡೆಯ ಮೇಲೆ ಊರಿ, ಈಗ ಎದ್ದು ಜಗಳಕ್ಕೆ ಬರುವವನಂತೆ ಕೂತಿದ್ದಾನೆ. ಬೇರೆ ಥರ ಆತನನ್ನು ಊಹಿಸಿಕೊಳ್ಳುವುದೇ ಕಷ್ಟ. ಆದರೆ ಮೊದಲ ಸ್ಕೆಚ್‌ನಲ್ಲಿ ಬೆರ್ತಾಂ ನಿಂತಿದ್ದಾನೆ! ಅದು ಸರಿಹೋಗದೆ ಆಂಗ್ರ್ ಒದ್ದಾಡಿದ. ಕೊನೆಗೆ ಬೆರ್ತಾಂ ಯಾರೊಂದಿಗೋ ಮಾತಿನಲ್ಲಿ ಮುಳುಗಿ ತನ್ನಷ್ಟಕ್ಕೆ ಹಾಗೆ ಕೂತಿದ್ದಾಗ ಭಂಗಿ ಸಿಕ್ಕಿತು.

ರೆಂಬ್ರಾಂಟ್ 1647ರಲ್ಲಿ ಗೆಳೆಯ ಯಾನ್ ಸಿಕ್ಸ್‌ನನ್ನು ಎಚ್ಚಣೆಯಲ್ಲಿ (ಲೋಹದ ತಗಡಿನಲ್ಲಿ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತುವುದು) ಮಾಡಿದಾಗಲೂ ಹೀಗೇ. ಒಂದು ಸ್ಕೆಚ್‌ನಲ್ಲಿ ಸಿಕ್ಸ್ ಕಿಟಕಿಗೆ ಒರಗಿದ್ದಾನೆ, ಒಂದು ನಾಯಿ ಅವನ ಮೇಲೆ ಹಾರುತ್ತಿದೆ. ಮುಗಿದ ಚಿತ್ರದಲ್ಲಿ ನಾಯಿ ಇಲ್ಲ. ಕಿಟಕಿಯ ಬೆಳಕಿನಲ್ಲಿ ಅವನೊಬ್ಬನೇ ಓದುತ್ತಾ ನಿಂತಿದ್ದಾನೆ. ನಾಯಿ ಇದ್ದಿದ್ದರೆ ಸಿಕ್ಸ್ ನಾಯಿಯ ಕಡೆ ಗಮನ ಕೊಡಬೇಕಿತ್ತು, ನಾವೂ ಕೊಡುತ್ತಿದ್ದೆವು. ನಾಯಿ ಹೋಯಿತು, ಮೌನ ಬಂತು.

ಸಾರ್ಜೆಂಟ್‌ನ ‘ಮದಾಮ್ ಎಕ್ಸ್’ 1884ರಲ್ಲಿ ಪ್ಯಾರಿಸ್ಸಿನಲ್ಲಿ ಗುಲ್ಲೆಬ್ಬಿಸಿದ ಚಿತ್ರ. ಅದಕ್ಕೂ ಮೊದಲು ಆಕೆ ಓದುವುದು, ಸೋಫಾದಲ್ಲಿ ಒರಗಿರುವುದು, ಅದರ ಮೇಲೆ ಮೊಣಕಾಲೂರಿ ಕಿಟಕಿಯಾಚೆ ನೋಡುವುದು, ಎಲ್ಲ ಆಗಿದೆ. ಸೋಫಾದ ಸ್ಕೆಚ್‌ಗಳಲ್ಲಿ ಬೇಸರಪಟ್ಟುಕೊಂಡ ಒಬ್ಬ ಹೆಂಗಸು ಕಾಣುತ್ತಾಳೆ. ದೊಡ್ಡ ಚಿತ್ರದಲ್ಲಿ ಶಿಲ್ಪದ ಥರ ನಿಂತ ಒಂದು ಆಕೃತಿ. ನನ್ನನ್ನು ಕೇಳಿದರೆ ಸೋಫಾ ಮೇಲಿನವಳೇ ಇಷ್ಟ. ಆದರೆ ಗುಲ್ಲೆಬ್ಬಿಸುವ ಶಕ್ತಿ ನಿಂತವಳಿಗೇ ಇತ್ತು, ಅದೂ ನಿಜ.

ಸ್ಕೆಚ್‌ನಲ್ಲಿ ಮನುಷ್ಯ ಜೀವಂತ ಅನ್ಸುತ್ತೆ, ಪೇಂಟಿಂಗ್‌ನಲ್ಲಿ ಗೊಂಬೆ. ನನಗೊಬ್ಬನಿಗೇ ಹೀಗಾ?

ಇಲ್ಲ, ಬಹಳ ಜನಕ್ಕೆ. ಕಾರಣ ಸರಳ. ಸ್ಕೆಚ್ ಆಗುವಾಗ ಎದುರಿಗೆ ಒಬ್ಬ ಉಸಿರಾಡುವ ಮನುಷ್ಯ ಇದ್ದ. ಪೇಂಟಿಂಗ್‌ನ ಬಹುಭಾಗ ಆಗುವಾಗ ಎದುರಿಗೆ ಇದ್ದದ್ದು ಸ್ಕೆಚ್. ಅರೆಬರೆ ಗೆರೆಯನ್ನು ನಮ್ಮ ಕಣ್ಣೇ ಪೂರ್ತಿ ಮಾಡಿಕೊಳ್ಳುತ್ತದೆ, ಆ ಖುಷಿಯೂ ಸೇರುತ್ತದೆ.

ಗೋಯಾ 1800ರಲ್ಲಿ ಸ್ಪೇನಿನ ನಾಲ್ಕನೇ ಚಾರ್ಲ್ಸ್‌ನ ಕುಟುಂಬದ ದೊಡ್ಡ ಚಿತ್ರಕ್ಕೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ತಲೆಗಳನ್ನು ಬಿಡಿಸಿಕೊಂಡ. ಕೆಂಪು ಬಳಿದ ಕ್ಯಾನ್ವಾಸ್ ಮೇಲೆ, ಎಣ್ಣೆಬಣ್ಣದಲ್ಲೇ. ಅವುಗಳಲ್ಲಿ ಐದು ಪ್ರಾಡೊ ಸಂಗ್ರಹಾಲಯದಲ್ಲಿವೆ. ಹಿನ್ನೆಲೆ ಇಲ್ಲ, ಒಡವೆ ಇಲ್ಲ, ಆ ಕೆಂಪಿನಿಂದ ಮುಖ ಎದ್ದು ಬರುತ್ತದೆ. ದೊಡ್ಡ ಚಿತ್ರದಲ್ಲಿ ಅದೇ ಜನ ಸಾಲಾಗಿ ನಿಂತಾಗ ರಾಜಮನೆತನವಾಗುತ್ತಾರೆ. ಸ್ಕೆಚ್‌ನಲ್ಲಿ ಅವರು ಚಿಕ್ಕಪ್ಪ, ಅತ್ತೆ, ಮಗ.

ಹಾಗಂತ ಸ್ಕೆಚ್ ಯಾವಾಗಲೂ ಮೇಲು ಅನ್ನುವ ಫ್ಯಾಷನ್ ನನಗೆ ಹಿಡಿಸುವುದಿಲ್ಲ. ಬೆರ್ತಾಂ ವಿಷಯದಲ್ಲಿ ಪೇಂಟಿಂಗೇ ಗೆದ್ದಿದೆ, ಅನುಮಾನವೇ ಇಲ್ಲ.

ಬಟ್ಟೆ ಹಾಕಿರೋ ಗಣ್ಯರನ್ನ ಸ್ಕೆಚ್‌ನಲ್ಲಿ ಬೆತ್ತಲೆ ಬಿಡಿಸೋದು ಯಾಕೆ?

ಬಟ್ಟೆಯೊಳಗೆ ಮೈ ಇದೆ ಅಂತ ನಂಬಿಕೆ ಬರಲು. ಮೊದಲು ಮೈ, ಅದರ ಮೇಲೆ ಉಡುಪು. ಹೆಚ್ಚಾಗಿ ಮಾಡೆಲ್‌ನ ಮೈ, ಗಣ್ಯರ ತಲೆ. ಫ್ರೆಂಚ್ ಕ್ರಾಂತಿಯ ಶುರುವಿನಲ್ಲಿ ಜನಪ್ರತಿನಿಧಿಗಳು ಟೆನಿಸ್ ಅಂಗಳದಲ್ಲಿ ಸೇರಿ ಪ್ರಮಾಣವಚನ ಮಾಡಿದ್ದನ್ನು ಕಲಾವಿದ ದಾವೀದ್ ಚಿತ್ರಿಸಲು ಹೊರಟು ಅರ್ಧಕ್ಕೆ ಬಿಟ್ಟ. ವರ್ಸೈಯಲ್ಲಿರುವ ಆ ಕ್ಯಾನ್ವಾಸ್‌ನಲ್ಲಿ ಜನಪ್ರತಿನಿಧಿಗಳು ಬರೀ ಮೈಯಲ್ಲಿ ನಿಂತಿದ್ದಾರೆ, ಕೆಲವರಿಗೆ ಮುಖ ಮಾತ್ರ ಪೂರ್ತಿ ಬಣ್ಣವಾಗಿದೆ. ಮೊದಲ ಸಲ ನೋಡಿದಾಗ ನಗು ಬರುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

ಕಾಗದದ ಮೇಲಿನ ಮುಖ ಕ್ಯಾನ್ವಾಸ್‌ಗೆ ಹೋಗೋದು ಹೇಗೆ? ಮತ್ತೆ ಕಣ್ಣಳತೆಯಲ್ಲಾ?

ಕೆಲವರು ಹಾಗೇ. ಉಳಿದವರಿಗೆ ಉಪಾಯಗಳಿವೆ, ಅವೆಲ್ಲ ಹಾಳೆಯ ಮೇಲೆ ಗುರುತು ಬಿಡುತ್ತವೆ.

ಸ್ಕೆಚ್ ಮೇಲೆ ಚೌಕಗಳ ಬಲೆ ಕಂಡರೆ ಅದನ್ನು ದೊಡ್ಡದು ಮಾಡಲು ಹೊರಟಿದ್ದರು ಅಂತ ಅರ್ಥ. ಗೆರೆಗುಂಟ ಸೂಜಿಯ ತೂತುಗಳಿದ್ದರೆ ಅದು ಅದೇ ಅಳತೆಯಲ್ಲಿ ಇಳಿಸಲು. ತೂತು ಮಾಡಿದ ಕಾಗದವನ್ನು ಹರಡಿ, ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ಕೆಳಗೆ ಚುಕ್ಕಿಗಳ ಸಾಲು ಮೂಡುತ್ತದೆ, ಆಮೇಲೆ ಚುಕ್ಕಿ ಸೇರಿಸುವುದು. ಮೊಘಲ್ ಚಿತ್ರಕಾರರೂ ಇದನ್ನೇ ಮಾಡುತ್ತಿದ್ದರು, ಕಾಗದದ ಬದಲು ಬೆಳಕು ಹಾಯುವಷ್ಟು ತೆಳುವಾದ ಜಿಂಕೆಯ ಚರ್ಮದಲ್ಲಿ. ಅದಕ್ಕೆ ಚರ್ಬಾ ಎಂದು ಹೆಸರು. ಒಂದು ಚರ್ಬಾ ಇದ್ದರೆ ಅದೇ ಮುಖ ಎಷ್ಟು ಸಲ ಬೇಕಾದರೂ ಬರುತ್ತದೆ. ಒಬ್ಬನೇ ದೊರೆ ಹತ್ತು ಚಿತ್ರಗಳಲ್ಲಿ ಒಂದೇ ಪಕ್ಕನೋಟದಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ.

ವಾನ್ ಐಕ್‌ನ ಕಾರ್ಡಿನಲ್‌ಗೆ ಗೆರೆಗುಂಟ ತೂತಿನ ಸಾಲೂ ಇಲ್ಲ, ಚೌಕಗಳ ಬಲೆಯೂ ಇಲ್ಲ. ಆದರೂ ಬಣ್ಣದ ಚಿತ್ರದ ತಲೆ ಸ್ಕೆಚ್‌ಗಿಂತ ಸುಮಾರು ಶೇ. 40ರಷ್ಟು ದೊಡ್ಡದಾಗಿ, ಅಳತೆಗೆ ಅಚ್ಚುಕಟ್ಟಾಗಿ ಕೂತಿದೆ. ಮಸೂರ ಬಳಸಿದ ಅಂತ ಒಂದು ಪಕ್ಷ, ಅಳತೆಯ ಕೈವಾರ ಸಾಕು ಅಂತ ಇನ್ನೊಂದು. ನಾನು ಕೈವಾರದ ಕಡೆ.

ಬಣ್ಣದ ಕೆಳಗೆ ಮುಚ್ಚಿಹೋದ ಸ್ಕೆಚ್ ಈಗ ಕಾಣುತ್ತೆ ಅಂತಾರೆ. ಹೇಗೆ?

ಇನ್‌ಫ್ರಾರೆಡ್, ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಕ್ಯಾಮೆರಾದಿಂದ. ಆ ಬೆಳಕು ಹಲವು ಬಣ್ಣಗಳ ಪದರವನ್ನು ದಾಟಿ ಕೆಳಗಿನ ಬಿಳಿ ತಳದವರೆಗೆ ಹೋಗಿ ವಾಪಸ್ ಬರುತ್ತದೆ. ದಾರಿಯಲ್ಲಿ ಇದ್ದಿಲು, ಮಸಿಯಂಥ ಇಂಗಾಲದ ಗೆರೆ ಸಿಕ್ಕರೆ ಅದು ಬೆಳಕನ್ನು ನುಂಗುತ್ತದೆ. ಆ ಜಾಗ ಕಪ್ಪಾಗಿ ಕಾಣುತ್ತದೆ. 1960ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ವಾನ್ ಆಸ್ಪೆರೆನ್ ಡೆ ಬೂರ್ ಈ ವಿಧಾನವನ್ನು ಬೆಳೆಸಿದರು. ಎಕ್ಸ್-ರೇ ಬೇರೆ, ಅದು ಸೀಸದ ಬಿಳಿಯಂಥ ಭಾರದ ಬಣ್ಣಗಳನ್ನು ತೋರಿಸುತ್ತದೆ.

ವಾನ್ ಐಕ್‌ನ 1434ರ ಅರ್ನೊಲ್ಫಿನಿ ದಂಪತಿ ಚಿತ್ರವನ್ನು ಹೀಗೆ ನೋಡಿದಾಗ ಗಂಡನ ಕೈ, ಪಾದ ಮೊದಲು ಬೇರೆ ಕಡೆ ಇದ್ದದ್ದು ಕಂಡಿತು. ಇನ್ನೂ ಮಜಾ ಅಂದರೆ, ಕಾಲ ಬಳಿ ನಿಂತ ಆ ಪ್ರಸಿದ್ಧ ನಾಯಿಗೆ ಕೆಳಗೆ ಗೆರೆಯೇ ಇಲ್ಲ. ವಾನ್ ಐಕ್ ಅದನ್ನು ನೇರ ಬಣ್ಣದಲ್ಲೇ ಇಟ್ಟಿದ್ದಾನೆ. ಆ ನಾಯಿಯ ಗೂಢಾರ್ಥದ ಬಗ್ಗೆ ಉದ್ದುದ್ದ ಬರೆದವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಮಿತಿಯೂ ಇದೆ. ಕೆಂಪು ಚಾಕಿನ ಗೆರೆ ಈ ಬೆಳಕಿಗೆ ಕಾಣುವುದಿಲ್ಲ. ಹಾಗಾಗಿ ‘ಕೆಳಗೆ ಏನೂ ಸಿಗಲಿಲ್ಲ’ ಅಂದ ತಕ್ಷಣ ಸ್ಕೆಚ್ ಇರಲಿಲ್ಲ ಅಂತ ಅಲ್ಲ.

ಚಾಕ್, ಇದ್ದಿಲು, ಬೆಳ್ಳಿಕಡ್ಡಿ... ಯಾವುದರಲ್ಲಿ ಬಿಡಿಸಿದ್ರು ಅನ್ನೋದೂ ಮುಖ್ಯನಾ?

ಮುಖ್ಯ. ಬೆಳ್ಳಿಕಡ್ಡಿಗೆ ಮೂಳೆಪುಡಿ ಬಳಿದ ಕಾಗದ ಬೇಕು, ಗೆರೆ ಕೂದಲಿನಷ್ಟು ತೆಳು, ರಬ್ಬರಿಗೆ ಜಗ್ಗುವುದಿಲ್ಲ. ಅದನ್ನು ಹಿಡಿದವನು ಗೆರೆ ಎಳೆಯುವ ಮೊದಲೇ ಯೋಚಿಸಿರುತ್ತಾನೆ. ಇದ್ದಿಲು ಊದಿದರೆ ಹೋಗುತ್ತದೆ. ಅದು ಹುಡುಕುವವನ ಸಾಧನ.

ಹೋಲ್ಬೈನ್ ಎರಡನೇ ಸಲ ಇಂಗ್ಲೆಂಡಿಗೆ ಬಂದಾಗ ಮೊದಲೇ ತಿಳಿಗೆಂಪು ಬಳಿದ ಕಾಗದದ ಮೇಲೆ ಬಿಡಿಸತೊಡಗಿದ. ಮೈಬಣ್ಣ ಕಾಗದದಲ್ಲೇ ಬಂದಾಯ್ತು, ಅಷ್ಟು ಸಮಯ ಉಳಿಯಿತು. ಗಿರಾಕಿಗಳು ಜಾಸ್ತಿಯಾಗಿ ಹೊತ್ತು ಸಾಲದವನ ಉಪಾಯ ಅದು.

ಬರೆಸಿಕೊಳ್ಳೋರ ಒತ್ತಡಕ್ಕೆ ಕಲಾವಿದ ಬಗ್ಗಿದ್ದು ಸ್ಕೆಚ್‌ನಲ್ಲಿ ಗೊತ್ತಾಗುತ್ತಾ?

ಎಷ್ಟೋ ಸಲ ಅಲ್ಲೇ ಗೊತ್ತಾಗುವುದು. ನೆಪೋಲಿಯನ್ 1804ರಲ್ಲಿ ತನ್ನ ಕಿರೀಟವನ್ನು ತಾನೇ ತಲೆಗಿಟ್ಟುಕೊಂಡ. ದಾವೀದ್‌ನ ಒಂದು ಡ್ರಾಯಿಂಗ್‌ನಲ್ಲಿ ಹಾಗೇ ಇದೆ, ಹಿಂದೆ ಪೋಪ್ ಸುಮ್ಮನೆ ಕೂತಿದ್ದಾನೆ. ದೊಡ್ಡ ಚಿತ್ರದಲ್ಲಿ ನೆಪೋಲಿಯನ್ ಹೆಂಡತಿಗೆ ಕಿರೀಟ ಎತ್ತಿ ಹಿಡಿದಿದ್ದಾನೆ, ಪೋಪ್ ಆಶೀರ್ವಾದಕ್ಕೆ ಕೈ ಎತ್ತಿದ್ದಾನೆ. ಸಮಾರಂಭಕ್ಕೆ ಬಾರದ ತಾಯಿಯೂ ಮೇಲೆ ಕೂತು ನೋಡುತ್ತಿದ್ದಾಳೆ. ಅಹಂಕಾರ ಕಾಣಬಾರದು, ಔದಾರ್ಯ ಕಾಣಬೇಕು.

ಇದಕ್ಕೆ ಉಲ್ಟಾ ಇರುವುದು ಇನಾಯತ್ ಖಾನನ ಚಿತ್ರ. 1618ರಲ್ಲಿ ಅಫೀಮು, ಹೆಂಡದಿಂದ ಎಲುಬಿನ ಗೂಡಾಗಿ ಸಾಯುತ್ತಿದ್ದ ಈ ಆಸ್ಥಾನಿಕನನ್ನು ನೋಡಿ ಜಹಾಂಗೀರ್ ಬೆರಗಾದ. ಚಿತ್ರಕಾರರನ್ನು ಕರೆಸಿ ಬಿಡಿಸಲು ಹೇಳಿದೆ ಅಂತ ತಾನೇ ಬರೆದಿದ್ದಾನೆ. ಸ್ಕೆಚ್ ಬಾಸ್ಟನ್ನಿನಲ್ಲಿದೆ, ಬಣ್ಣದ್ದು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ. ಬಣ್ಣದ ಚಿತ್ರದಲ್ಲಿ ದಿಂಬುಗಳ ಅಂದ ಕಣ್ಣಿಗೆ ಒಂದಿಷ್ಟು ಆಸರೆ ಕೊಡುತ್ತದೆ. ಸ್ಕೆಚ್‌ನಲ್ಲಿ ಆ ಆಸರೆ ಇಲ್ಲ. ಪಕ್ಕೆಲುಬು, ಕಣ್ಣು, ಅಷ್ಟೇ. ಅದನ್ನು ನಾನು ಒಂದು ನಿಮಿಷಕ್ಕಿಂತ ಹೆಚ್ಚು ನೋಡಲಾರೆ.

ಪೇಂಟಿಂಗ್ ಕಳೆದುಹೋಗಿ ಸ್ಕೆಚ್ ಮಾತ್ರ ಉಳಿದಿದ್ರೆ?

ಆಗ ಸ್ಕೆಚ್ಚೇ ಸಾಕ್ಷಿ. ಎಂಟನೇ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಮೋರ್ ಕುಟುಂಬವನ್ನು ಹೋಲ್ಬೈನ್ ಬಿಡಿಸಿದ ದೊಡ್ಡ ಚಿತ್ರ 1752ರ ಬೆಂಕಿಯಲ್ಲಿ ನಾಶವಾಯಿತು. ಹೋಲ್ಬೈನನ ಸುಮಾರು 1527ರ ಸ್ಕೆಚ್ ಬಾಸೆಲ್‌ನಲ್ಲಿದೆ. ಅದರಲ್ಲಿ ಮೋರ್‌ನ ಹೆಂಡತಿ ಮೊಣಕಾಲೂರಿದ್ದಾಳೆ, ‘ಈಕೆ ಕೂರಬೇಕು’ ಅಂತ ಪಕ್ಕದಲ್ಲಿ ಹೋಲ್ಬೈನ್ ಬರೆದುಕೊಂಡಿದ್ದಾನೆ. ಆಮೇಲಿನ ಪ್ರತಿಯಲ್ಲಿ ಆಕೆ ಕುರ್ಚಿಯಲ್ಲೇ ಕೂತಿದ್ದಾಳೆ. ಯಾರು ಹೇಳಿ ಮಾಡಿಸಿದರೋ, ಆಕೆಯೇ ಇರಬೇಕು ಅಂತ ನನ್ನ ಗುಮಾನಿ.

ಗ್ರಹಾಂ ಸದರ್‌ಲ್ಯಾಂಡ್ 1954ರಲ್ಲಿ ಮಾಡಿದ ಚರ್ಚಿಲ್ ಚಿತ್ರ ಚರ್ಚಿಲ್‌ಗೆ ಸ್ವಲ್ಪವೂ ಹಿಡಿಸಲಿಲ್ಲ, ಅದನ್ನು ಮನೆಯವರೇ ನಾಶ ಮಾಡಿಸಿದರು. ಆದರೆ ತಲೆ, ಕೈಗಳ ಸ್ಕೆಚ್‌ಗಳು ಉಳಿದುಕೊಂಡಿವೆ. ಇನ್ನು ಲೂವ್ರ್‌ನಲ್ಲಿರುವ ಲಿಯೊನಾರ್ಡೊ ಮಾಡಿದ, ಇಟಲಿಯ ರಾಣಿವಾಸದ ಇಸಬೆಲ್ಲಾ ದೆಸ್ತೆ ಎಂಬಾಕೆಯ ಕಾರ್ಟೂನ್‌ಗೆ ಸೂಜಿಯ ತೂತುಗಳೂ ಬಿದ್ದಿವೆ. ಆಕೆ ಪತ್ರದ ಮೇಲೆ ಪತ್ರ ಬರೆದರೂ ಬಣ್ಣದ ಚಿತ್ರ ಮಾತ್ರ ಅವಳ ಕೈ ಸೇರಲಿಲ್ಲ.

ಇದು ಚಿತ್ರಕ್ಕೆ ಮೊದಲು ಮಾಡಿದ ಸ್ಕೆಚ್ಚೋ, ಚಿತ್ರ ನೋಡಿ ಯಾರೋ ಇಳಿಸಿದ್ದೋ? ಹೇಗೆ ಗುರುತಿಸೋದು?

ತಪ್ಪುಗಳನ್ನು ಹುಡುಕಿ. ನೋಡಿ ಇಳಿಸುವವನಿಗೆ ಉತ್ತರ ಮೊದಲೇ ಗೊತ್ತು. ಅವನ ಗೆರೆ ತಡವರಿಸುವುದಿಲ್ಲ, ಗುಂಡಿಗಳ ಎಣಿಕೆಯೂ ಸರಿಯಾಗಿರುತ್ತದೆ. ನಿಜವಾದ ಪೂರ್ವತಯಾರಿಯಲ್ಲಿ ಗಲ್ಲದ ಗೆರೆ ಎರಡು ಸಲ ಬಂದಿರುತ್ತದೆ, ಮುಗಿದ ಚಿತ್ರದಲ್ಲಿ ಇಲ್ಲದ್ದೇನಾದರೂ ಇದ್ದೇ ಇರುತ್ತದೆ.

ನೆರಳಿನ ಓರೆಗೆರೆಗಳನ್ನೂ ನೋಡಿ. ಬಲಗೈಯವರ ಗೆರೆ ಸಾಮಾನ್ಯವಾಗಿ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹೋಗುತ್ತದೆ. ಎಡಗೈಯವನಾದ ಲಿಯೊನಾರ್ಡೊನದು ಅದಕ್ಕೆ ವಿರುದ್ಧ. ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ, ತಯಾರಿಸಿದವರ ನೀರ್ಗುರುತು ಕಾಲ ಹೇಳುತ್ತದೆ. ಇಷ್ಟಾದರೂ ತಜ್ಞರೇ ಎಡವಿದ್ದುಂಟು.

ಸ್ಕೆಚ್ ನೋಡಿ ಕಲಾವಿದನ ಮನಸ್ಸನ್ನೇ ಓದಬಹುದು ಅಂತಾರಲ್ಲ?

ಕೈಯನ್ನು ಓದಬಹುದು. ಎಲ್ಲಿ ಅನುಮಾನಿಸಿದ, ಎಲ್ಲಿ ಅವಸರ ಮಾಡಿದ, ಯಾವುದನ್ನು ಎರಡನೇ ಸಲ ಮಾಡಿದ, ಇಷ್ಟು ಗೊತ್ತಾಗುತ್ತದೆ. ಗೆರೆ ಒತ್ತಿ ಬಂದಿದೆ ಅಂದರೆ ಕೋಪವೇ ಇರಬೇಕಿಲ್ಲ, ಚಾಕ್ ಮೊಂಡಾಗಿದ್ದಿರಬಹುದು.

ಅದೂ ಅಲ್ಲದೆ ಸ್ಕೆಚ್ ಮಾಡಿದವರೆಲ್ಲ ಅದನ್ನು ನೋಡಿಯೇ ಮುಂದುವರಿಯುವುದಿಲ್ಲ. ಶಿಲ್ಪಿ ಬೆರ್ನಿನಿ 1665ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಎದೆಮಟ್ಟದ ಶಿಲ್ಪ ಮಾಡಲು ಪ್ಯಾರಿಸ್ಸಿಗೆ ಹೋದ. ದೊರೆ ಆಡುವಾಗ, ಮಂತ್ರಿಗಳ ಜೊತೆ ಮಾತಾಡುವಾಗ ಹಿಂದೆ ಮುಂದೆ ಸುಳಿದು ಸ್ಕೆಚ್ ಮಾಡಿಕೊಂಡ. ಕಲ್ಲು ಕೆತ್ತುವಾಗ ಅವನ್ನೆಲ್ಲ ಪಕ್ಕಕ್ಕಿಟ್ಟ. ಮುಖವನ್ನು ತಲೆಯೊಳಗೆ ತುಂಬಿಕೊಳ್ಳಲು ಮಾತ್ರ ಅವು ಬೇಕಿದ್ದವು, ತನ್ನನ್ನು ತಾನೇ ನಕಲು ಮಾಡುವುದು ಅವನಿಗೆ ಬೇಡವಾಗಿತ್ತು.

ನಾನೂ ಕಲಿತಾ ಇದ್ದೀನಿ. ಇದರಿಂದ ನನಗೇನು ಉಪಯೋಗ?

ಒಂದು ಅಭ್ಯಾಸ ಹೇಳುತ್ತೇನೆ. ಸ್ಕೆಚ್ ಮತ್ತು ಅದರ ಮುಗಿದ ಚಿತ್ರ ಎರಡೂ ಸಿಗುವ ಒಂದು ಜೋಡಿ ಆರಿಸಿ, ಪಕ್ಕಪಕ್ಕ ಇಡಿ. ಬದಲಾದ ಹತ್ತು ಜಾಗ ಬರೆದುಕೊಳ್ಳಿ. ಮೊದಲ ಐದು ಸುಲಭವಾಗಿ ಸಿಗುತ್ತವೆ, ಉಳಿದ ಐದಕ್ಕೆ ಬೆವರಬೇಕು. ಆಮೇಲೆ ಪ್ರತಿಯೊಂದನ್ನೂ ಹಳೆಯ ಜಾಗಕ್ಕೆ ವಾಪಸ್ ಇಟ್ಟರೆ ಚಿತ್ರಕ್ಕೆ ಏನಾಗುತ್ತದೆ ಅಂತ ಚಿಕ್ಕದಾಗಿ ಗೀಚಿ ನೋಡಿ.

ನಿಮ್ಮ ಕೆಟ್ಟ ಸ್ಕೆಚ್‌ಗಳನ್ನು ಎಸೆಯಬೇಡಿ, ತಾರೀಕು ಹಾಕಿಡಿ. ನಾನು ಶುರುವಿನ ನಾಲ್ಕೈದು ವರ್ಷದ್ದನ್ನೆಲ್ಲ ನಾಚಿಕೆಯಿಂದ ರದ್ದಿಗೆ ಹಾಕಿಬಿಟ್ಟೆ. ಈಗ ಒಂದು ಮುಖ ಕೈಗೆ ಸಿಗದೆ ಒದ್ದಾಡುವಾಗ, ಆಗ ಇಂಥದ್ದನ್ನು ಹೇಗೆ ದಾಟಿದ್ದೆ ಅಂತ ನೋಡೋಣವೆಂದರೆ ಒಂದು ಹಾಳೆಯೂ ಇಲ್ಲ.